ನಮ್ಮ ಹಳ್ಳ ಏರು ಹತ್ತಿತು

“ತಾತ, ನಿಮ್ಮ ಹಳ್ಳ ಬೋರೆ ಹತ್ತುತ್ತಾ ಇದೆ” ಎಂದು ಮೊಮ್ಮಗಳು ನಕ್ಕಳು.

2024ರ ಸಂಕ್ರಾಂತಿಗೆ ಬೆಂಗಳೂರಿನಿಂದ ತಿಪಟೂರಿನ ಕಡೆಯ ನಮ್ಮೂರು ಹೊನ್ನವಳ್ಳಿಗೆ ಬಂದಿದ್ದಳು. ಜಗಲಿಯ ಮೇಲೆ ಕೂತು, ಯಾರು ಬೇಕಾದರೂ ಸೇರಿಸಿ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆಯನ್ನು ಲ್ಯಾಪ್‌ಟಾಪಿನಲ್ಲಿ ತೋರಿಸಿದಳು. ಲೋಕವೆಲ್ಲ ಇರುವ ಆ ನಕ್ಷೆಯಲ್ಲಿ ನಮ್ಮ ತೋಟದ ಮಗ್ಗುಲಿನ ಹಳ್ಳ ಇರಲಿಲ್ಲ. “ಕೊಡು ಇಲ್ಲಿ” ಎಂದು ನಾನೇ ಎಳೆದೆ. ಉಪಗ್ರಹದ ಚಿತ್ರದಲ್ಲಿ ಕಟ್ಟೆ ಚೆನ್ನಾಗಿ ಕಾಣುತ್ತಿತ್ತು. ಅಲ್ಲಿಂದ ಹಿಡಿದು, ಹೊಂಗೆಮರದ ಸಾಲಿನ ಗುಂಟ, ಬೋರೆಯ ನೆತ್ತಿಯವರೆಗೆ ಗೆರೆ ತಂದೆ. 34 ವರ್ಷ ಸರ್ವೇಯರ್ ಆಗಿದ್ದವನ ಕೈ. ಗೆರೆ ಒಂದಿಷ್ಟೂ ಅಲುಗಿರಲಿಲ್ಲ.

ಆದರೆ ಆ ನಕ್ಷೆಗೆ ಒಂದು ಕಟ್ಟಳೆ ಇದೆಯಂತೆ. ನೀರಿನ ಗೆರೆಯನ್ನು ಎಲ್ಲಿಂದ ಎಲ್ಲಿಗೆ ಎಳೆಯುತ್ತೀರೋ ನೀರು ಅಲ್ಲಿಂದ ಅಲ್ಲಿಗೆ ಹರಿಯುತ್ತದೆ ಎಂದೇ ಲೆಕ್ಕ. ಬೇರೆ ಬಾಣದ ಗುರುತು ಹಾಕಬೇಕಿಲ್ಲ, ಕೈ ಓಡಿದ ದಿಕ್ಕೇ ನೀರು ಓಡುವ ದಿಕ್ಕು. ನಾನು ಕಟ್ಟೆಯಿಂದ ಶುರು ಮಾಡಿದ್ದೆ, ಹಾಗಾಗಿ ನನ್ನ ಹಳ್ಳ ತಗ್ಗಿನಿಂದ ದಿಣ್ಣೆಗೆ ಹೊರಟಿತ್ತು.

ಅವಳು ಒಂದು ಗುಂಡಿ ಒತ್ತಿ ಗೆರೆಯ ಮುಖ ತಿರುಗಿಸಿ, “ಮುಗೀತು ಬಿಡಿ” ಎಂದಳು. ನನಗೆ ಮಾತ್ರ ಮುಗಿಯಲಿಲ್ಲ. ಅಷ್ಟು ವರ್ಷದಲ್ಲಿ ಎಷ್ಟು ಹಳ್ಳ ಅಳೆದಿದ್ದೇನೋ ಲೆಕ್ಕವಿಲ್ಲ. ಒಂದರ ಮುಂದೆಯೂ ‘ನೀರು ಈ ಕಡೆಗೆ’ ಎಂದು ಬರೆದ ನೆನಪಿಲ್ಲ.

ಸರಪಳಿಗೆ ದಿಕ್ಕು ಗೊತ್ತಿಲ್ಲ

ನಮ್ಮ ಕಸುಬಿನ ಮುಖ್ಯ ಸಾಮಾನು 33 ಅಡಿಯ ಸರಪಳಿ. ಅದರಲ್ಲಿ ಆಣೆ ಎಂಬ 16 ಭಾಗ. ಸರಪಳಿ ಉದ್ದ, ಸರಪಳಿ ಅಗಲದ ಚೌಕವೇ ಒಂದು ಗುಂಟೆ, ಅಂದರೆ 1,089 ಚದರಡಿ. ಇಂಥ 40 ಗುಂಟೆ ಸೇರಿದರೆ ಎಕರೆ. ಮೈಸೂರು ಸೀಮೆಯಲ್ಲಿ 1863ರಿಂದ ಶುರುವಾದ ಕಂದಾಯ ಸರ್ವೆ ಊರೂರಿಗೂ ಗ್ರಾಮ ನಕ್ಷೆ ಮಾಡಿಟ್ಟಿತು. ಅದರ ಒಂದು ಅಂಗುಲ ನೆಲದ ಮೇಲಿನ 20 ಸರಪಳಿಗೆ ಸಮ. ಇವತ್ತಿಗೂ ಊರಿನಲ್ಲಿ ಜಮೀನಿನ ತಗಾದೆ ಬಂದರೆ ಬಿಚ್ಚುವುದು ಆ ನಕ್ಷೆಯನ್ನೇ.

ಆ ನಕ್ಷೆ ಹುಟ್ಟಿದ್ದು ಕಂದಾಯಕ್ಕಾಗಿ. ಯಾವ ನಂಬರಿನಲ್ಲಿ ಎಷ್ಟು ಎಕರೆ, ಅದರಲ್ಲಿ ಉಳಲು ಬರುವುದೆಷ್ಟು, ಬಾರದ್ದೆಷ್ಟು, ಅದಕ್ಕೆ ಬೇಕಾದ್ದು ಇಷ್ಟೇ. ಹಳ್ಳ ಎಂದರೆ ಸರ್ಕಾರಕ್ಕೆ ಕಂದಾಯ ಹುಟ್ಟದ ಜಾಗ, ನಮ್ಮ ಭಾಷೆಯಲ್ಲಿ ‘ಬಿ ಖರಾಬು’. ಎರಡು ಗೆರೆ ಎಳೆದು ನಡುವಿನ ಅಗಲ ಬರೆದರೆ ಕೆಲಸ ಆಯಿತು. ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಊರಿನಲ್ಲಿ ಕೆರೆಯ ನೀರು ಹಂಚುವ ನೀರುಗಂಟಿ ಇದ್ದ. ಅವನಿಗೆ ಗೊತ್ತಿದ್ದರೆ ಸಾಕಾಗಿತ್ತು.

ಸರ್ವೆ ಆಫ್ ಇಂಡಿಯಾದವರ ಹಾಳೆ ಬೇರೆ ಬಗೆಯದು. 1767ರಲ್ಲಿ ಹುಟ್ಟಿದ ಆ ಸಂಸ್ಥೆಯ ಹಳೆಯ ಲೆಕ್ಕದಲ್ಲಿ ಹೊನ್ನವಳ್ಳಿ ಸೀಮೆಯ ಹಾಳೆಗೆ ‘57 ಸಿ/7’ ಎಂಬ ಸಂಖ್ಯೆ. ಅದರಲ್ಲಿ ಎರಡು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ಆ ಹಾಳೆಯನ್ನು ಮೊದಲ ಸಲ ನೋಡಿದವರು “ನಮ್ಮ ಹಳ್ಳ ಏಕೆ ಕಪ್ಪು ಬಣ್ಣದಲ್ಲಿದೆ?” ಎಂದು ಕೇಳುತ್ತಾರೆ. ವರ್ಷವಿಡೀ ನೀರು ಹರಿಯುವ ಹೊಳೆಗೆ ನೀಲಿ, ಮಳೆ ಬಂದಾಗ ಮಾತ್ರ ಹರಿಯುವುದಕ್ಕೆ ಕಪ್ಪು. ನಮ್ಮ ಕಡೆಯ ಹಳ್ಳಗಳೆಲ್ಲ ಕಪ್ಪು ಗೆರೆಗಳೇ.

ಆ ಹಾಳೆಯಲ್ಲಿ ದಿಕ್ಕು ಬರೆದಿಲ್ಲದಿದ್ದರೂ ಓದಬಹುದು. ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಕಂದು ಬಣ್ಣದ ಗೆರೆಗಳಿರುತ್ತವೆ, ಸಾಮಾನ್ಯವಾಗಿ 20 ಮೀಟರಿಗೆ ಒಂದು. ಹಳ್ಳವನ್ನು ದಾಟುವಲ್ಲಿ ಅಂಥ ಗೆರೆ ಕವಣೆಯ ಕವಲಿನಂತೆ ಮೊನಚಾಗಿ ಬಾಗುತ್ತದೆ. ಮೊನೆ ಯಾವ ಕಡೆ ಚಾಚಿದೆಯೋ ನೀರು ಬರುವುದು ಆ ಕಡೆಯಿಂದ. ಎರಡು ಹಳ್ಳ ಕೂಡುವ ಜಾಗವೂ ಹೀಗೆಯೇ ಮಾತಾಡುತ್ತದೆ. ಎತ್ತಿನ ಗಾಡಿ ದೊಡ್ಡ ರಸ್ತೆಗೆ ಓರೆಯಾಗಿ ಸೇರಿಕೊಂಡು ಮುಂದೆ ಹೋಗುವಂತೆ, ಚಿಕ್ಕ ಹಳ್ಳ ದೊಡ್ಡದನ್ನು ಸಾಮಾನ್ಯವಾಗಿ ಓರೆಯಾಗಿ ಸೇರುತ್ತದೆ. ಕೂಡಿದ ಮೇಲೆ ಯಾವ ಕಡೆ ಹೊರಟಿವೆಯೋ ಅದೇ ಇಳಿಜಾರು.

ಹೊಳೆ ಇಲ್ಲದ ಸೀಮೆಯ ಎರಡು ಹೊಳೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಕಡೆಯವರನ್ನು ಕೇಳಿ. “ನಮಗೆಲ್ಲಿಯ ಹೊಳೆ ಸ್ವಾಮಿ, ಕೆರೆ ನಂಬಿಕೊಂಡ ಜನ” ಎನ್ನುತ್ತಾರೆ. ಊರುಗಳ ಹೆಸರೂ ಅದನ್ನೇ ಹೇಳುತ್ತವೆ: ತುರುವೇಕೆರೆ, ಬಿಳಿಗೆರೆ, ಶೆಟ್ಟಿಕೆರೆ, ಕಂದಿಕೆರೆ, ಪಕ್ಕದಲ್ಲಿ ಅರಸೀಕೆರೆ. ಗಂಗಾಪಾಣಿ ಎಂಬ ಎಳನೀರಿನ ತೆಂಗಿಗೆ ಹೆಸರಾಗಿದ್ದ ನಮ್ಮ ಹೊನ್ನವಳ್ಳಿಯೂ ಕೆರೆಯ ಊರೇ.

ಹೊಳೆ ಇಲ್ಲದಿರಲು ಕಾರಣ ನಾವು ಹೊಳೆಗಳ ನೆತ್ತಿಯ ಮೇಲೆ ಕೂತಿರುವುದು. ತಿಪಟೂರು ಸಮುದ್ರ ಮಟ್ಟದಿಂದ ಸುಮಾರು 860 ಮೀಟರ್ ಎತ್ತರದಲ್ಲಿದೆ. ಮನೆಯ ಮಾಡಿನ ನಡು ತೊಲೆಯಂತೆ ಒಂದು ಏಣು ನಮ್ಮ ಸೀಮೆಯಲ್ಲಿ ಹಾದುಹೋಗುತ್ತದೆ. ಅದರ ತೆಂಕಲ ಮಗ್ಗುಲಿನ ನೀರು ಕಾವೇರಿಗೆ, ಬಡಗಲ ಮಗ್ಗುಲಿನದು ಕೃಷ್ಣೆಗೆ. ಬೆಟ್ಟದ ಸಾಲು ಇದ್ದರೆ ಏಣು ಕಣ್ಣಿಗೆ ಕಾಣುತ್ತಿತ್ತು. ನಮ್ಮಲ್ಲಿ ಅದು ರಾಗಿ ಹೊಲದ ಬದು, ಹುಣಸೆಮರದ ದಿಣ್ಣೆ, ತೋಟದ ಬೇಲಿ. ಅದರ ಮೇಲೆ ದಿನಾ ದನ ಹೊಡೆದುಕೊಂಡು ಹೋಗುವವನಿಗೂ ತಾನು ಎರಡು ಮಹಾನದಿಗಳ ಗಡಿ ದಾಟುತ್ತಿದ್ದೇನೆಂದು ತಿಳಿಯುವುದಿಲ್ಲ.

ತೆಂಕಲಿಗೆ ಬಿದ್ದ ಹನಿಯ ದಾರಿ ಹೀಗಿದೆ: ಕೆರೆಯಿಂದ ಕೆರೆಗೆ ಕೋಡಿ ಹರಿದು ಶಿಂಷಾ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ, ಮದ್ದೂರು, ಆಮೇಲೆ ಕಾವೇರಿ, ತಮಿಳುನಾಡಿನ ಮೆಟ್ಟೂರು, ಕೊನೆಗೆ ಪೂಂಪುಹಾರ್‌ನಲ್ಲಿ ಕಡಲು. ಬಡಗಲಿಗೆ ಬಿದ್ದ ಹನಿ ಸುವರ್ಣಮುಖಿ ಹಿಡಿದರೆ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಬೋರನಕಣಿವೆ ಜಲಾಶಯಕ್ಕೆ ಹೋಗುತ್ತದೆ. ಅಲ್ಲಿಂದ ಹಿರಿಯೂರಿನ ಕಡೆ ವೇದಾವತಿ. ವೇದಾವತಿಗೆ ಬಳ್ಳಾರಿಯ ಕಡೆ ಹಗರಿ ಎಂದು ಹೆಸರು. ಹಗರಿ ತುಂಗಭದ್ರೆಗೆ, ತುಂಗಭದ್ರೆ ಕೃಷ್ಣೆಗೆ. ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡ ದಾಟಿ ಹಂಸಲದೀವಿಯ ಹತ್ತಿರ ಕಡಲು. ಒಂದೇ ಬದುವಿನ ಆಚೆ ಈಚೆ ಬಿದ್ದ ಎರಡು ಹನಿ ಕಡಲು ಸೇರುವಾಗ ಅವುಗಳ ನಡುವೆ ಸುಮಾರು 500 ಕಿಲೋಮೀಟರ್ ಅಂತರ.

ತುಮಕೂರು ಜಿಲ್ಲೆಗೆ ಮೂರನೆಯ ದಾರಿಯೂ ಇದೆ. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟುವ ಶಿಂಷಾ ತೆಂಕಲಿಗೆ ಹೊರಟರೆ, ಅದೇ ಬೆಟ್ಟದ ಜಯಮಂಗಲಿ ಬಡಗಲಿಗೆ ಹರಿದು ಉತ್ತರ ಪಿನಾಕಿನಿಯನ್ನು ಸೇರಿ ಆಂಧ್ರದ ನೆಲ್ಲೂರಿನ ಕಡೆ ಕಡಲಿಗೆ ಹೋಗುತ್ತದೆ. ಒಂದೇ ಜಿಲ್ಲೆ, ಮೂರು ನದಿಗಳ ಪಾಲು. ಪಶ್ಚಿಮಕ್ಕೆ ಹೋದರೆ ಕಡಲೇ ಬದಲಾಗುತ್ತದೆ. ಸಕಲೇಶಪುರದ ಆಚೆ ಬಿಸಿಲೆ ಹತ್ತಿರ ಮಂಕನಹಳ್ಳಿಯಲ್ಲಿ ಒಂದು ಗುರುತಿನ ಕಲ್ಲಿದೆ. ಅದರ ಒಂದು ಮಗ್ಗುಲಿನ ಮಳೆ ಬಂಗಾಳ ಕೊಲ್ಲಿಗೆ, ಇನ್ನೊಂದು ಮಗ್ಗುಲಿನದು ಅರಬ್ಬೀ ಸಮುದ್ರಕ್ಕೆ. ನಮ್ಮ ಬೋರೆಯ ಮೇಲೆ ಅಂಥ ಕಲ್ಲಿಲ್ಲ, ಒಂದು ಹುಣಸೆಮರ ಇದೆ.

ನೀರುಗಂಟಿಯ ಪಾಠ

ಮೊಮ್ಮಗಳು ಬೆಂಗಳೂರಿಗೆ ಹೋದ ಮೇಲೆ ನಾನು ಒಬ್ಬನೇ ಹಳ್ಳಗಳನ್ನು ಎಳೆಯತೊಡಗಿದೆ. ಬೇಸಿಗೆಯ ದಿನ, ಒಂದರಲ್ಲೂ ಹನಿ ನೀರಿಲ್ಲ. ದೊಡ್ಡ ಹಳ್ಳಗಳ ಇಳಿಜಾರು ಹಾಳೆಯಲ್ಲೇ ಸಿಗುತ್ತದೆ. ತೋಟದ ನಡುವಿನ ಚಿಕ್ಕವು 20 ಮೀಟರಿನ ಎರಡು ಗೆರೆಗಳ ಮಧ್ಯೆ ಕಳೆದುಹೋಗುತ್ತವೆ. ಕೊನೆಗೆ ನಮ್ಮ ಕಟ್ಟೆಯ ಹಳೆಯ ನೀರುಗಂಟಿಯ ಮನೆಗೆ ಹೋದೆ. ಎಂಬತ್ತು ದಾಟಿದೆ, ಕಣ್ಣು ಮಂಜಾಗಿದೆ.

“ಯಜಮಾನ್ರೇ, ಆ ಈಚಲ ಹಳ್ಳದ ನೀರು ಯಾವ ಕಡೆಗೆ ಹೋಗುತ್ತೆ?” ಎಂದೆ.

“ಏನ್ ಸ್ವಾಮಿ, ಅಷ್ಟು ವರ್ಷ ಸರಪಳಿ ಎಳ್ದೋರು ನೀವು. ನನ್ನ ಕೇಳ್ತೀರಲ್ಲ” ಎಂದು ನಕ್ಕು, ಕೋಲು ಹಿಡಿದು ಎದ್ದೇ ಬಿಟ್ಟರು.

ಹಳ್ಳಕ್ಕೆ ಇಳಿದು ಮೊದಲು ತೋರಿಸಿದ್ದು ಒಂದು ಹೊಂಗೆಯ ಬುಡ. ಅದರ ಒಂದು ಮಗ್ಗುಲಿಗೆ ಸೋಗೆ, ಮುಳ್ಳು, ಪ್ಲಾಸ್ಟಿಕ್ ಚೀಲ ಎಲ್ಲ ಸಿಕ್ಕಿಕೊಂಡಿದ್ದವು. ಇನ್ನೊಂದು ಮಗ್ಗುಲಲ್ಲಿ ಸಣ್ಣ ಮರಳು ಬಾಲದಂತೆ ಉದ್ದಕ್ಕೆ ಕೂತಿತ್ತು. “ಕಸ ಸಿಗಾಕೊಂಡಿರೋದು ನೀರು ಬಂದ ಕಡೆ. ಮರಳು ಕುಂತಿರೋದು ಹೋದ ಕಡೆ” ಎಂದರು. ಆಮೇಲೆ ಕಲ್ಲುಗಳು. ಹಳ್ಳದ ತಳದ ಚಪ್ಪಟೆ ಕಲ್ಲುಗಳು ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಒರಗಿರುತ್ತವೆ. ಅವುಗಳ ಇಳಿಮುಖ ನೀರು ಬರುವ ಕಡೆಗೆ. ಬೇರೆ ರೀತಿ ನಿಂತ ಕಲ್ಲನ್ನು ಪ್ರವಾಹ ಮಗುಚಿ ಹಾಕುತ್ತದೆ, ಹೀಗೆ ಒರಗಿದ್ದು ಮಾತ್ರ ಉಳಿಯುತ್ತದೆ. ಭೂವಿಜ್ಞಾನದ ಪುಸ್ತಕದಲ್ಲೂ ಇದೇ ಮಾತಿದೆ. ಸಾವಿರಾರು ವರ್ಷ ಹಿಂದೆ ಬತ್ತಿದ ನದಿಯ ದಿಕ್ಕನ್ನೂ ಹೀಗೆಯೇ ಹೇಳುತ್ತಾರೆ.

ಹುಲ್ಲು ಬಾಗಿದ ಕಡೆ, ದಂಡೆಯ ಬೇರು ಬತ್ತಲಾದ ಕಡೆ, ಎಲ್ಲ ತೋರಿಸಿದರು. ಒಂದು ಬೆಳಗಿನಲ್ಲಿ ನಾಲ್ಕು ಹಳ್ಳದ ದಿಕ್ಕು ಗೊತ್ತಾಯಿತು. ಅದರಲ್ಲಿ ಒಂದು ನಾನು ಚಿಕ್ಕಂದಿನಿಂದ ಅಂದುಕೊಂಡಿದ್ದಕ್ಕೆ ಪೂರಾ ಉಲ್ಟಾ ಇತ್ತು.

ತೆಂಗಿನ ತಲೆಯನ್ನು ನೆಲ ಎಂದ ಯಂತ್ರ

“ಇಷ್ಟೆಲ್ಲ ಏಕೆ ನಡೀತೀರಾ ತಾತ, ಕಂಪ್ಯೂಟರೇ ಲೆಕ್ಕ ಹಾಕುತ್ತೆ” ಎಂದು ಮೊಮ್ಮಗಳು ಫೋನಿನಲ್ಲಿ ಹೇಳಿದಳು. ಹಾಕುತ್ತದೆ, ನಿಜ. 2000ದ ಫೆಬ್ರವರಿಯಲ್ಲಿ ಎಂಡೆವರ್ ಎಂಬ ಅಮೆರಿಕದ ಬಾಹ್ಯಾಕಾಶ ನೌಕೆ 11 ದಿನ ಭೂಮಿಯನ್ನು ಸುತ್ತಿ, ರಾಡಾರ್ ಅಲೆ ಬಿಟ್ಟು ನೆಲದ ಎತ್ತರಗಳನ್ನು ಅಳೆಯಿತು. 2005ರಲ್ಲಿ ಹಾರಿದ ನಮ್ಮ ಇಸ್ರೋದ ಕಾರ್ಟೋಸ್ಯಾಟ್-1 ಕೂಡ ಎತ್ತರದ ನಕ್ಷೆಗೆಂದೇ ಹೋದದ್ದು. ನೌಕೆಯ ಲೆಕ್ಕದಲ್ಲಿ ನೆಲವೆಲ್ಲ 30 ಮೀಟರಿನ ಚೌಕಗಳು. ನಮ್ಮ ಅಳತೆಯಲ್ಲಿ ಒಂದೊಂದು ಚೌಕ ಸುಮಾರು 9 ಗುಂಟೆ, 30 ಅಡಿ ಅಂತರದಲ್ಲಿ ಸಸಿ ಇಟ್ಟಿದ್ದರೆ ಹತ್ತು ಹನ್ನೊಂದು ತೆಂಗಿನ ಮರದ ಜಾಗ. ಪ್ರತಿ ಚೌಕಕ್ಕೂ ಒಂದು ಎತ್ತರ.

ಮುಂದಿನ ಲೆಕ್ಕ ಮಗುವಿಗೂ ಅರ್ಥವಾಗುತ್ತದೆ. ಒಂದು ಚೌಕದ ಸುತ್ತ ಎಂಟು ಚೌಕಗಳಿವೆ. ಅವುಗಳಲ್ಲಿ ಯಾವ ಕಡೆಗೆ ಇಳಿಜಾರು ಹೆಚ್ಚೋ ನೀರು ಆ ಕಡೆಗೆ. ಅಲ್ಲಿಂದ ಮತ್ತೆ ಎಂಟು, ಮತ್ತೆ ಇಳಿಜಾರು. ಹೀಗೆ ಸಾವಿರಾರು ಚೌಕಗಳ ನೀರು ಬಂದು ಸೇರುವ ಚೌಕಗಳ ಸಾಲೇ ಹಳ್ಳ. ಬೆಟ್ಟಗುಡ್ಡದ ನಾಡಿನಲ್ಲಿ ಇದು ಸೊಗಸಾಗಿ ಕೆಲಸ ಮಾಡುತ್ತದೆ.

ನಮ್ಮ ತೆಂಗಿನ ಸೀಮೆಯಲ್ಲಿ ಎಡವುತ್ತದೆ. ರಾಡಾರ್ ಅಲೆ ಎಲ್ಲ ಕಡೆಯೂ ನೆಲ ಮುಟ್ಟುವುದಿಲ್ಲ, ಒತ್ತಾದ ಮರವಿದ್ದರೆ ತಲೆಗೋ ನಡುವಿಗೋ ಬಡಿದು ವಾಪಸ್ ಹೋಗುತ್ತದೆ. ಹಾಗಾಗಿ ತಗ್ಗಿನ ತೋಟ ದಿಬ್ಬವಾಗಿ, ಪಕ್ಕದ ಬಯಲು ಹೊಲ ತಗ್ಗಾಗಿ ಕಂಡೀತು. ತೋಟ ಇರುವುದೇ ಹಳ್ಳದ ಗುಂಟ! ಎರಡನೆಯ ತೊಡಕು ಕೆರೆ. ಹರಿದು ಹೋಗಲು ದಾರಿಯಿಲ್ಲದ ತಗ್ಗನ್ನು ಕಂಡರೆ ಕಂಪ್ಯೂಟರು ಅದನ್ನು ತಪ್ಪು ಎಂದು ತಿಳಿದು ತುಂಬಿಸಿ ಸಮ ಮಾಡಿಬಿಡುತ್ತದೆ. ಅದು ತಪ್ಪೆಂದು ಮುಚ್ಚುವ ತಗ್ಗೇ ನಮ್ಮ ಹಿರಿಯರು ಏರಿ ಹಾಕಿ ಕಟ್ಟಿದ ಕೆರೆ. ಮೂರನೆಯದು ಕೋಡಿ. ಏರಿಯ ನಡುವೆ ನೀರು ಉಕ್ಕಿದರೆ ಏರಿಯೇ ಹೋಗುತ್ತದೆಂದು ಕೋಡಿಯನ್ನು ಮಗ್ಗುಲಿನ ಗಟ್ಟಿ ನೆಲಕ್ಕೆ ಇಟ್ಟಿರುತ್ತಾರೆ. ಕೆಲವೊಮ್ಮೆ ಅಲ್ಲಿಂದ ನೀರು ಪಕ್ಕದ ಬೇರೊಂದು ತಗ್ಗಿಗೇ ಇಳಿಯುತ್ತದೆ. ಆ ಹತ್ತಡಿ ಅಗಲದ ಕೋಡಿ 30 ಮೀಟರಿನ ಚೌಕದಲ್ಲಿ ಕಾಣುವುದು ಎಲ್ಲಿಂದ?

ನಮ್ಮ ಹಳ್ಳವನ್ನು ಆ ಲೆಕ್ಕಕ್ಕೆ ಹಾಕಿಸಿ ನೋಡಿದೆ. ಕಟ್ಟೆಯವರೆಗೆ ಸರಿಯಾಗಿ ಬಂದು, ಅಲ್ಲಿಂದ ಏರಿಯನ್ನು ಸೀಳಿಕೊಂಡು ಪಕ್ಕದವರ ತೋಟದ ನಡುವೆ ಹೊರಟಿತ್ತು. ಕೋಡಿ ಇರುವುದು ಅಲ್ಲಿಗೆ ಇನ್ನೂರು ಮೀಟರ್ ಪಡುವಲಿಗೆ. ಯಂತ್ರಕ್ಕೆ ಇಳಿಜಾರು ಗೊತ್ತು, ಊರು ಗೊತ್ತಿಲ್ಲ.

ಬಣ್ಣ ಬಳಿದ ಸಿಪ್ಪೆ

ಯಂತ್ರ ಬಿಟ್ಟು ನೀರನ್ನೇ ಕೇಳುವ ಹಳೆಯ ಉಪಾಯವೊಂದು ನೆನಪಾಯಿತು. ಕಸುಬಿಗೆ ಸೇರಿದ ಹೊಸತರಲ್ಲಿ ನನಗೆ ಕಿಂತಪ್‌ನ ಕತೆ ಹೇಳಿದವರು ನನ್ನ ಮೇಲಿನ ಸರ್ವೇಯರ್. ಟಿಬೆಟ್ಟಿನಲ್ಲಿ ಮೂಡಲಿಗೆ ಹರಿಯುವ ತ್ಸಾಂಗ್‌ಪೋ ನದಿ ಹಿಮಾಲಯದ ಕೊರಕಲಿನಲ್ಲಿ ಮಾಯವಾಗುತ್ತದೆ. ಅದೇ ಈ ಕಡೆ ಅಸ್ಸಾಮಿನಲ್ಲಿ ಬ್ರಹ್ಮಪುತ್ರವಾಗಿ ಬರುತ್ತದೆಯೇ ಎಂಬುದು ಆಗ ಬಗೆಹರಿಯದ ಪ್ರಶ್ನೆ. 1880ರಲ್ಲಿ ಸರ್ವೆ ಆಫ್ ಇಂಡಿಯಾ ಕಡೆಯಿಂದ ಹೋದ ಕಿಂತಪ್ ಓದು ಬರಹ ಬಾರದ ಸಿಕ್ಕಿಮಿನ ದರ್ಜಿ. ಜೊತೆಗೆ ಹೋದ ಲಾಮಾ ಅವನನ್ನು ಜೀತಕ್ಕೆ ಮಾರಿ ಪರಾರಿಯಾದ. ಕಿಂತಪ್ ತಪ್ಪಿಸಿಕೊಂಡು, ಹಿಂದಿರುಗಿ ಮನೆಗೆ ಹೋಗುವ ಬದಲು ಹೊತ್ತ ಕೆಲಸವನ್ನೇ ಮಾಡಿದ. ಗುರುತು ಹಾಕಿದ 500 ಮರದ ತುಂಡುಗಳನ್ನು ದಿನಕ್ಕೆ 50ರಂತೆ ನದಿಗೆ ಬಿಟ್ಟ. ಯಾವ ದಿನಗಳಲ್ಲಿ ಬಿಡುತ್ತೇನೆಂದು ಮುಂಚೆಯೇ ಕಾಗದ ಬರೆಸಿ ಕಳಿಸಿದ್ದ. ಅದು ಸೇರಬೇಕಾದವರಿಗೆ ಹೊತ್ತಿಗೆ ಸೇರಲಿಲ್ಲ. ತುಂಡುಗಳು ತೇಲಿ ಬಂದಾಗ ಕೆಳಗೆ ಕಾದು ನೋಡುವವರು ಒಬ್ಬರೂ ಇರಲಿಲ್ಲ. 1884ರಲ್ಲಿ ಅವನು ವಾಪಸ್ ಬಂದು ಹೇಳಿದರೂ ಹೆಚ್ಚಿನವರು ನಂಬಲಿಲ್ಲ. 1913ರಲ್ಲಿ ಬೈಲಿ ಮತ್ತು ಮೋರ್ಸ್‌ಹೆಡ್ ಎಂಬ ಅಧಿಕಾರಿಗಳು ಆ ದಾರಿ ಹಿಡಿದು ಹೋದ ಮೇಲೆ ಕಿಂತಪ್ ಹೇಳಿದ್ದು ಬಹುಪಾಲು ನಿಜ ಎಂದು ಗೊತ್ತಾಯಿತು.

2024ರ ಮಳೆಗಾಲಕ್ಕೆ ನಾನೂ ಮೊಮ್ಮಗಳೂ ಕಿಂತಪ್‌ನ ಆಟ ಆಡಿದೆವು. ನಮ್ಮ ಕಡೆ ಮರದ ತುಂಡಿಗೇಕೆ ಹೋಗಬೇಕು? ಕಾಯಿ ಸುಲಿದ ಸಿಪ್ಪೆ ಕಣದ ತುಂಬ ಬಿದ್ದಿರುತ್ತದೆ. ಗೇಟಿಗೆ ಬಳಿದು ಉಳಿದಿದ್ದ ಬಣ್ಣದಲ್ಲಿ 20 ಸಿಪ್ಪೆಗೆ ಕೆಂಪು, 20ಕ್ಕೆ ಹಳದಿ ಹಚ್ಚಿದೆವು. ಅಕ್ಟೋಬರಿನಲ್ಲಿ ಒಂದು ಸಂಜೆ ಮಳೆ ಹೊಯ್ದು ಬಿಟ್ಟಾಗ ಹುಣಸೆಮರದ ತೆಂಕಲ ಓಣಿಗೆ ಕೆಂಪು, ಬಡಗಲ ಓಣಿಗೆ ಹಳದಿ. ಕೆಳಗಿನ ಎರಡು ಊರಿನ ಮಕ್ಕಳಿಗೆ, ಬಣ್ಣದ ಸಿಪ್ಪೆ ತಂದುಕೊಟ್ಟವರಿಗೆ ಒಂದೊಂದಕ್ಕೆ ಹತ್ತು ರೂಪಾಯಿ ಎಂದು ಹೇಳಿಟ್ಟಿದ್ದೆವು.

ಮಾರನೆಯ ದಿನ 13 ಕೆಂಪು ಸಿಪ್ಪೆ ಬಂದವು. ಹಳದಿ ಬಂದದ್ದು 7. ಒಬ್ಬ ಪುಟ್ಟ ಹುಡುಗ ಬಣ್ಣ ಇನ್ನೂ ಒಣಗದ ಕೆಂಪು ಸಿಪ್ಪೆಯೊಂದನ್ನು ಹಿಡಿದು ಬಂದಿದ್ದ. ಅದಕ್ಕೂ ಹತ್ತು ರೂಪಾಯಿ ಕೊಟ್ಟೆ. ಉಳಿದವು ಎಲ್ಲಿ ಹೋದವೋ, ಶಿಂಷೆಯ ಕಡೆಗೋ ಬೇಲಿಯ ಸಂದಿಗೋ. ಆದರೆ ಒಂದೂ ಕೆಂಪು ಹಳದಿಯ ಊರಿನಲ್ಲಿ ಸಿಗಲಿಲ್ಲ, ಒಂದೂ ಹಳದಿ ಕೆಂಪಿನ ಊರಿಗೆ ಹೋಗಲಿಲ್ಲ. ಏಣು ಎಲ್ಲಿದೆ ಎಂದು ಹುಣಸೆಮರದ ಬುಡದಲ್ಲಿ ನಿಂತು ಧೈರ್ಯವಾಗಿ ಹೇಳುವ ಹಾಗಾಯಿತು.

ಎಡದಂಡೆ ಯಾರ ಎಡಗೈ?

ದಿಕ್ಕು ಗೊತ್ತಿಲ್ಲದೆ ನಮ್ಮ ದಿನದ ಮಾತೂ ಅರ್ಥವಾಗುವುದಿಲ್ಲ. ‘ಎಡದಂಡೆ ನಾಲೆ, ಬಲದಂಡೆ ನಾಲೆ’ ಎನ್ನುತ್ತೇವಲ್ಲ, ಯಾರ ಎಡ, ಯಾರ ಬಲ? ನೀರು ಹೋಗುವ ಕಡೆಗೆ ಮುಖ ಮಾಡಿ ನಿಂತವರ ಎಡಗೈ ಕಡೆಯದು ಎಡದಂಡೆ. ನಮ್ಮ ತಾಲ್ಲೂಕುಗಳಿಗೆ ನೀರು ತರುವುದು ಗೊರೂರಿನ ಹೇಮಾವತಿ ಎಡದಂಡೆ ನಾಲೆಯಿಂದ ಕವಲೊಡೆದ ತುಮಕೂರು ಶಾಖಾ ನಾಲೆ. ಬಾಗೂರು-ನವಿಲೆಯ ಸುರಂಗದಲ್ಲಿ ದಿಣ್ಣೆಯ ಹೊಟ್ಟೆ ಕೊರೆದುಕೊಂಡು ಆ ನೀರು ಈ ಕಡೆಗೆ ಬರುತ್ತದೆ. ಅದರಿಂದ ಮೇಲೆತ್ತಿ ಹೊನ್ನವಳ್ಳಿ ಕಡೆಯ ಕೆರೆಗಳಿಗೆ ತುಂಬಿಸಲು ಏತ ನೀರಾವರಿ ಯೋಜನೆ ಇದೆ. ಪಂಪು ನಿಂತರೆ ಆ ಗೆರೆಯಲ್ಲಿ ನೀರೂ ಇಲ್ಲ, ದಿಕ್ಕೂ ಇಲ್ಲ.

ಎತ್ತಿನಹೊಳೆ ಯೋಜನೆಯದು ಇನ್ನೂ ದೊಡ್ಡ ತಿರುವು. ಸಕಲೇಶಪುರದ ಕಾಡಿನ ಎತ್ತಿನಹೊಳೆ ಮತ್ತು ಅಕ್ಕಪಕ್ಕದ ಹಳ್ಳಗಳು ಕುಮಾರಧಾರೆ, ನೇತ್ರಾವತಿಗಳ ಮೂಲಕ ಮಂಗಳೂರಿನ ಕಡಲಿಗೆ ಹೋಗುತ್ತಿದ್ದವು. ಮಳೆಗಾಲದ 24.01 ಟಿಎಂಸಿ ನೀರನ್ನು ಎತ್ತಿ ಮೂಡಲ ಜಿಲ್ಲೆಗಳಿಗೆ ತರುವುದು ಯೋಜನೆ. 2024ರ ಸೆಪ್ಟೆಂಬರ್ 6ರಂದು, ಗೌರಿ ಹಬ್ಬದ ದಿನ, ಮೊದಲ ಹಂತಕ್ಕೆ ಚಾಲನೆ ಸಿಕ್ಕಿತು. ಅದರ ಕಾಲುವೆ ಅರಸೀಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಮೇಲೆಯೇ ಹಾಯುತ್ತದೆ. ಅರಬ್ಬೀ ಸಮುದ್ರದ ಹನಿ ನಮ್ಮ ಏಣಿನ ಮೇಲೆ ನಡೆದುಕೊಂಡು ಹೋಗುವ ಕಾಲ.

ಏಣಿನ ಗೆರೆ ಎಲ್ಲಿ ಎಂಬುದು ಕೋರ್ಟಿನಲ್ಲೂ ತೂಗುತ್ತದೆ. ಕಾವೇರಿ ನ್ಯಾಯಮಂಡಳಿ ಬೆಂಗಳೂರಿನ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕೊಳ್ಳದಲ್ಲಿದೆ ಎಂದು ಹಿಡಿದು ಕುಡಿಯುವ ನೀರಿನ ಲೆಕ್ಕ ಹಾಕಿತ್ತು. ಊರಿನ ಉಳಿದ ಭಾಗದ ಇಳಿಜಾರು ಬೇರೆ ನದಿಗೆ ಎಂಬುದು ಕಾರಣ. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಆ ವಾದ ಒಪ್ಪದೆ ಬೆಂಗಳೂರಿಗಾಗಿ 4.75 ಟಿಎಂಸಿ ಸೇರಿಸಿಕೊಟ್ಟಿತು. ಯಾವ ಬೀದಿಯ ಮಳೆ ಯಾವ ಕಡೆಗೆ ಇಳಿಯುತ್ತದೆ ಎಂಬುದರ ಮೇಲೆ ಅಷ್ಟು ದೊಡ್ಡ ವಾದ ನಿಂತಿತ್ತು.

ಮೋರಿಯ ನ್ಯಾಯ

ಚಿಕ್ಕ ವಾದ ನನ್ನ ತೋಟದಲ್ಲೇ ನಡೆಯಿತು. ಕೆಲವು ವರ್ಷ ಹಿಂದೆ ನಮ್ಮ ಹಳ್ಳಕ್ಕೆ ಅಡ್ಡಲಾಗಿ ರಸ್ತೆ ಆಯಿತು. ಗುತ್ತಿಗೆದಾರನ ಕಡೆಯವರು ಬೇಸಿಗೆಯಲ್ಲಿ ಬಂದು, ಒಣಗಿದ ಹಳ್ಳ ನೋಡಿ, ಅಗಲ ಕಂಡ ಕಡೆ ಮೋರಿ ಇಟ್ಟು ಹೋದರು. ನೀರು ಬರುವುದು ಅಲ್ಲಿಗೆ ನಲವತ್ತು ಅಡಿ ಈಚೆಗೆ. 2022ರಲ್ಲಿ ಮಳೆ ಯಾವ ಪರಿ ಹಿಡಿಯಿತೆಂದರೆ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಹರಿಯಿತು. ನಮ್ಮ ಹಳ್ಳದ ನೀರು ರಸ್ತೆಗೆ ಬಡಿದು, ತಿರುಗಿ ತೋಟಕ್ಕೆ ನುಗ್ಗಿ ಮೂರು ವಾರ ನಿಂತಿತು. ಎಳೆಯ ಸಸಿಗಳು ಹಳದಿ ತಿರುಗಿ ಹೋದವು.

ನಾನು ಗ್ರಾಮ ನಕ್ಷೆ ಹಿಡಿದು ರಸ್ತೆ ಮಾಡಿಸಿದವರ ಹತ್ತಿರ ಹೋದೆ. “ಇದರಲ್ಲಿ ಹಳ್ಳ ಇದೆ, ಒಪ್ಪಿದೆವು. ನೀರು ಈ ಕಡೆಯಿಂದಲೇ ಬರುತ್ತದೆ ಅಂತ ಎಲ್ಲಿದೆ?” ಎಂದರು. ಬಾಯಿ ಕಟ್ಟಿತು. ಊರ ಹಳ್ಳಕ್ಕೆ ದಿಕ್ಕು ಬರೆಯದೆ ಬಿಟ್ಟವರ ಸಾಲಿನಲ್ಲಿ ನಾನೂ ಒಬ್ಬ. ಕೊನೆಗೆ ಗಾರೆಯವರ ಪಾರದರ್ಶಕ ಪೈಪು ತಂದು, ನೀರು ತುಂಬಿ, ಎರಡೂ ತುದಿಯ ಮಟ್ಟ ನೋಡಿ ಎಲ್ಲರೆದುರಿಗೆ ತೋರಿಸಿದೆ. ಎರಡನೆಯ ಮೋರಿ ಬರಲು ಮತ್ತೊಂದು ಮಳೆಗಾಲ ಹಿಡಿಯಿತು.

ದಿಕ್ಕಿಲ್ಲದ ಗೆರೆ ಬರೀ ಜಾಗದ ಲೆಕ್ಕ. ದಿಕ್ಕು ಬರೆದ ಮೇಲೆ ಅದರಲ್ಲಿ ಮೇಲಿನವನು, ಕೆಳಗಿನವನು ಎಂದು ಇಬ್ಬರು ಹುಟ್ಟುತ್ತಾರೆ. ಮೇಲಿನವನು ಹಳ್ಳ ಮುಚ್ಚಿ ಸಸಿ ಇಟ್ಟರೆ ಒಣಗುವುದು ಯಾರ ಕೆರೆ, ಕಸ ಸುರಿದರೆ ಸೇರುವುದು ಯಾರ ಬಾವಿಗೆ ಎಂದು ಗೆರೆಯೇ ಹೇಳುತ್ತದೆ. ಕಿಂತಪ್‌ನಿಗೆ ಇಲ್ಲದೆ ಹೋದದ್ದು ಕೆಳಗೆ ಕಾಯುವವರು. ನಮಗೆ ಇದ್ದಾರೆ, ಅವರ ಊರಿನ ಹೆಸರೂ ಗೊತ್ತಿದೆ.

ಈಗ ಸಾಧನಗಳು ಕೈಯಲ್ಲೇ ಇವೆ. ಗ್ರಾಮ ನಕ್ಷೆ ಅಂತರ್ಜಾಲದಲ್ಲಿ ಸಿಗುತ್ತದೆ. ರಾಜ್ಯ ಸರ್ಕಾರದ ದಿಶಾಂಕ್ ಆ್ಯಪಿನಲ್ಲಿ ನಿಂತ ಜಾಗದ ಸರ್ವೆ ನಂಬರು ಕಾಣುತ್ತದೆ. ಇಸ್ರೋದ ಭುವನ್‌ನಲ್ಲಿ ಉಪಗ್ರಹ ಚಿತ್ರವಿದೆ. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ನಕ್ಷೆ ಮಾಡುವುದರ ಮೇಲಿನ ಹಳೆಯ ಕಟ್ಟುಪಾಡುಗಳನ್ನು ಬಹುಪಾಲು ಸಡಿಲಿಸಿದೆ. ಇಲ್ಲದಿರುವುದು ನೀರುಗಂಟಿಗಳು ಮಾತ್ರ. ನಮ್ಮ ಸೀಮೆಯಲ್ಲಿ ಹಳ್ಳದ ದಿಕ್ಕು ಬಾಯಲ್ಲಿಟ್ಟುಕೊಂಡವರು ಈಗ ಬೆರಳೆಣಿಕೆಯಷ್ಟು, ಅವರೆಲ್ಲ ಎಂಬತ್ತರ ಮೇಲಿನವರು.

ಹಾಗಾಗಿ ಓದುಗರಲ್ಲಿ ನನ್ನದೊಂದು ಕೇಳಿಕೆ. ಮುಂಗಾರಿನ ಮೊದಲ ದೊಡ್ಡ ಮಳೆ ಬಿಟ್ಟ ಮೇಲೆ, ನಿಮ್ಮ ಮನೆಗೋ ತೋಟಕ್ಕೋ ಹತ್ತಿರದ ಹಳ್ಳ ಹಿಡಿದು ಒಂದು ಗಂಟೆ ನಡೆಯಿರಿ. ಊರಿನ ಹಿರಿಯರೊಬ್ಬರನ್ನು ಕರೆದುಕೊಳ್ಳಿ, ಒಂದು ಮಗುವನ್ನೂ ಕರೆದುಕೊಳ್ಳಿ. ಕಂಡದ್ದನ್ನು ನಕ್ಷೆಗೆ ಏರಿಸಿ, ಏನೂ ಇಲ್ಲದಿದ್ದರೆ ನೋಟ್‌ಬುಕ್ಕಿನ ಹಾಳೆ ಸಾಕು. ಒಂದು ಮಾತು ಮಾತ್ರ ನೆನಪಿರಲಿ: ಗೆರೆಯನ್ನು ದಿಣ್ಣೆಯಿಂದ ತಗ್ಗಿಗೆ ಎಳೆಯಿರಿ. ನಾನು ಕಟ್ಟೆಯಿಂದ ಶುರು ಮಾಡಿ ಮೊಮ್ಮಗಳ ಕೈಲಿ ನಗಿಸಿಕೊಂಡಿದ್ದೇನೆ.